ಬೂಟು ಬಿಚ್ಚಿ ಮುಟ್ರಿ ಸಾಹೇಬ್ರ

ಹೋದ ವಾರ ನಾಗಪುರದಾಗ ಒಂದು ಮದ್ವ್ಯಾಗ ಕೂಲರಿನ ಪ್ಲಗ್ ಕಿತ್ತು, ಹತ್ತು ಮಂದಿ ಮುಂದ ಬೈಸ್ಕೊಂಡು ಬಂದೀನಿ.

ಮೇ ತಿಂಗಳು, ಮಧ್ಯಾಹ್ನದ ಊಟದ ಹೊತ್ತು. ಮಂಟಪದ ಎರಡೂ ಬಾಜೂ ಆಳೆತ್ತರದ ತಗಡಿನ ಕೂಲರ್ ನಿಂತಿದ್ವು. ಕೆಳಗ ನೀರು ಸೋರಿ ರಾಡಿ ಆಗಿತ್ತು. ಆ ರಾಡ್ಯಾಗ ನಾಕೈದು ಹುಡುಗ್ರು ಬರಿಗಾಲ್ಲೆ ನಿಂತು, ಕೂಲರಿನ ಜಾಳಗಿ ಹಿಡ್ಕೊಂಡು, ಗಾಳಿಗೆ ಬಾಯಿ ಕೊಟ್ಟು "ಆಆಆ" ಅಂತ ಒದರಿ ದನಿ ನಡುಗಿಸೂ ಆಟ ಆಡಾಕತ್ತಿದ್ವು. ನಾ ಸೀದಾ ಹೋಗಿ ಪ್ಲಗ್ ಕಿತ್ನಿ. ಮದುಮಗನ ಸೋದರಮಾವ ಓಡಿ ಬಂದ್ರು.

"ಏನ್ರೀ ಇದು, ಬೀಗರು ಬೆವರಿಗೆ ತೊಯ್ದು ತಪ್ಪಡಿ ಆಗ್ಯಾರ, ನೀವು ಕೂಲರ್ ಬಂದ್ ಮಾಡ್ತೀರಲ್ಲ!"

"ಮೊದಲ ಹುಡುಗ್ರನ್ನ ಸರಸಿ ಟೆಸ್ಟರ್ ಹಚ್ಚಿ ನೋಡ್ರಿ, ಆಮ್ಯಾಲ ಚಾಲೂ ಇಡ್ರಿ."

"ನಿಮ್ಮ ಇಂಜಿನಿಯರಿಂಗು ನಿಮ್ಮ ಮನ್ಯಾಗ ಇಟ್ಕೋರಿ ಮಾರಾಯ್ರ!"

ಬೈಲಿ. ಟೆಸ್ಟರ್ ಹಚ್ಚಿದ್ರು, ಏನೂ ಇರ್ಲಿಲ್ಲ, ನನ್ನ ಮಾರಿ ಸಣ್ಣದಾತು. ಆದ್ರ ಪ್ಲಗ್ ಕೀಳೂ ಮುಂದ ಕೂಲರಿನ್ಯಾಗ ತುಂಬಿದ್ದ ತೊಯ್ದ ಲಾವಂಚದ ಬೇರಿಂದು ಒಂದು ವಾಸನಿ ಮೂಗಿಗೆ ಬಡೀತು ನೋಡ್ರಿ. ಅಲ್ಲಿ ಮಂದಿ ಅದನ್ನ ಖಸ್ ಅಂತಾರ. ಕಾದ ತಗಡು, ಹಸಿ ಬೇರು, ಸ್ವಲ್ಪ ಪಾಚಿ, ಮೂರೂ ಕೂಡಿದ ವಾಸನಿ. ಜಿಲೇಬಿ ಎಲಿ ಮ್ಯಾಲ ಬಿದ್ದದ್ದೂ ನನಗ ಗೊತ್ತಾಗ್ಲಿಲ್ಲ. ನಾ ಆಗಲೇ ಏಳೆಂಟು ವರ್ಷ ಹಿಂದಕ್ಕ ಹೋಗಿದ್ನಿ.

ನಾ ಮೂಲ ಗದಗ ಕಡೆಯಾಂವ, ಈಗ ಹುಬ್ಬಳ್ಳ್ಯಾಗ ಇದೀನಿ. ಆವಾಗ ನಾಗಪುರದ ಬಾಜೂಕ ಕಳಮೇಶ್ವರದಾಗ ಒಂದು ಅಡಗಿ ಎಣ್ಣಿ ಫ್ಯಾಕ್ಟರ್ಯಾಗ ಮೇಂಟೆನನ್ಸ್ ಇಂಜಿನಿಯರ್ ಇದ್ನಿ. ಯಾವ ಫ್ಯಾಕ್ಟರಿ ಅಂತ ಕಮೆಂಟಿನ್ಯಾಗ ಕೇಳಬ್ಯಾಡ್ರಿ, ಹೇಳೂದಿಲ್ಲ. ದಿನಾ ಮುಂಜಾನೆ ಮಾರಿಗೆ ಬಿಳಿ ಅರಿವಿ ಸುತ್ಕೊಂಡು, ಅಂಗಿ ಕಿಸೆದಾಗ ಒಂದು ಉಳ್ಳಾಗಡ್ಡಿ ಇಟ್ಕೊಂಡು, ಕಾಟೋಲ್ ರೋಡ್ ಹಿಡದು ಗಾಡಿ ಮ್ಯಾಲ ಹೋಗ್ತಿದ್ನಿ. ಉಳ್ಳಾಗಡ್ಡಿ ಇದ್ರ ಬಿಸಿಲು ಬಡಿಯೂದಿಲ್ಲ ಅಂತ ಅಲ್ಲಿ ಮಂದಿ ನಂಬಿಕಿ. ನಾ ನಂಬ್ತಿದ್ದಿಲ್ಲ. ಆದ್ರ ಬಿಟ್ಟೂ ಹೋಗ್ತಿದ್ದಿಲ್ಲ.

ಆ ವರ್ಷ ಹೆಡ್ ಆಫೀಸಿನಿಂದ ಎಲ್ಲಾರಿಗೂ ಒಂದೊಂದು ಹಳದಿ ಕಾರ್ಡ್ ಬಂದ್ವು. ಕೆಲ್ಸದಾಗ ಜೀವಕ್ಕ ಅಪಾಯ ಕಂಡ್ರ ಯಾರ ಇರ್ಲಿ, ಕಾರ್ಡ್ ಎತ್ತಿ ಕೆಲ್ಸ ನಿಲ್ಲಿಸಬೇಕು. ನಿಲ್ಲಿಸಬಹುದು ಅಲ್ಲ, ನಿಲ್ಲಿಸಾಕ ಬೇಕು. ತರಬೇತಿ ಕೊಟ್ಟಾಂವ ನಾನ. "ಇದು ಬರೇ ಹಕ್ಕಲ್ಲ, ನಿಮ್ಮ ಜವಾಬ್ದಾರಿ" ಅಂತ ಹಿಂದ್ಯಾಗ ಟೇಬಲ್ ಕುಟ್ಟಿ ಕುಟ್ಟಿ ಹೇಳಿದ್ನಿ.

ಆಮ್ಯಾಲ ತಿಂಗಳುಗಟ್ಲೆ ನೋಡಿದ್ನಿ, ಒಬ್ಬನೂ ಎತ್ತಲಿಲ್ಲ. ಎತ್ತಿದ್ರ ಬರೇ ಸೆಕಿಗೆ ಗಾಳಿ ಹಾಕ್ಕೊಳ್ಳಾಕ. ಕೆಲವ್ರು ಅದರ ಮ್ಯಾಲ ಖರ್ರಾ ತಿಕ್ಕತಿದ್ರು. ಖರ್ರಾ ಗೊತ್ತಿಲ್ಲದವ್ರಿಗೆ ಹೇಳ್ತೀನಿ: ಅಡಿಕಿ, ತಂಬಾಕು, ಸುಣ್ಣ ಕೂಡ್ಸಿ ಪ್ಲಾಸ್ಟಿಕ್ಕಿನ ಮ್ಯಾಲ ತಿಕ್ಕಿ ತಿಕ್ಕಿ ಬಾಯಿಗೆ ಹಾಕೂ ಮಾಲು, ನಾಗಪುರದ ಅರ್ಧ ಊರು ಅದರ ಮ್ಯಾಲ ನಡೀತೈತಿ. ಕಾರ್ಡು ಆ ಕೆಲ್ಸಕ್ಕ ಬರೋಬರ್ ಆಗಿತ್ತು. ನನಗ ಸಿಟ್ಟು ಬರ್ಲಿಲ್ಲ, ಕುತೂಹಲ ಹತ್ತಿತು. ಇಷ್ಟು ದೊಡ್ಡ ಫ್ಯಾಕ್ಟರ್ಯಾಗ ಇಷ್ಟು ದಿನ ಒಂದೂ ಅಪಾಯ ಯಾರ ಕಣ್ಣಿಗೂ ಬಿದ್ದಿಲ್ಲಾ? ಬಿದ್ದೈತಿ, ಬಾಯಿ ಬರವಲ್ದಾ? ಒಬ್ಬ ಮನಿಷ್ಯಾ 'ನಿಲ್ಲಿಸ್ರಿ' ಅನ್ನಾಕ ಒಳಗ ಏನ್ ಆಗಬೇಕು?

ತರಬೇತಿ ದಿವ್ಸ ಒಂದ ಒಂದು ಪ್ರಶ್ನೆ ಬಂದಿತ್ತು. ಕೇಳಿದಾಕಿ ಗೌರಾಬಾಯಿ. ಅಕ್ಕಲಕೋಟಿ ಕಡೆಯಾಕಿ, ಮನಿ ಮಾತು ಕನ್ನಡ, ಹಂಗಾಗಿ ನಾ ಅಕಿಗೆ ಗೌರವ್ವ ಅಂತಿದ್ನಿ. ಗಂಡ ಕಳಮನಾ ಮಾರ್ಕೆಟ್ಟಿನ್ಯಾಗ ಚೀಲ ಹೊತ್ತು ಹೊತ್ತು ನಡಾ ಹೋಗಿ ಮನ್ಯಾಗ ಮಲಗಿದ್ದ. ಮನಿ ನಡೀತಿದ್ದದ್ದು ಅಕಿ ದುಡಿಮಿ ಮ್ಯಾಲ. ಕಾಂಟ್ರಾಕ್ಟರನ ಕೈಕೆಳಗಿನ ಕೂಲಿ, ಹಂಗಾಗಿ ಕಾರ್ಡೂ ಇಲ್ಲ, ಬೂಟೂ ಇಲ್ಲ, ನನ್ನ ಭಾಷಣ ಮಾತ್ರ ಇತ್ತು. ಹಿಂದಿನ ಸಾಲಿನ್ಯಾಗ ಎದ್ದು ನಿಂತು, ಎಲ್ಲಾರಿಗೂ ತಿಳಿಯೂಹಂಗ ಹಿಂದ್ಯಾಗ ಕೇಳಿದ್ಲು:

"ಸಾಹೇಬ್ರ, ನಿಲ್ಲಿಸಿದ ಮ್ಯಾಲ ಮತ್ತ ಚಾಲೂ ಮಾಡೂದು ಯಾರು?"

"ಮೊದಲ ನಿಲ್ಲಿಸವ್ವ, ಆಮ್ಯಾಲ ನೋಡೋಣು" ಅಂತ ನಕ್ಕನಿ. ಎಲ್ಲಾರೂ ನಕ್ರು. ಅಕಿ ನಗಲಿಲ್ಲ, ಕುಂತ್ಲು.

ಈಗ ಕೂಲರಿಗೆ ಬರ್ತೀನಿ. ನನ್ನ ಆಫೀಸಿನ್ಯಾಗ ಒಂದು ಹಳೇ ತಗಡಿನ ಕೂಲರ್ ಇತ್ತು. ಏಪ್ರಿಲ್ಲಿನ್ಯಾಗ ಅದು ಮುಟ್ಟಿದ್ರ ಝುಮ್ ಅನ್ನಾಕ ಚಾಲೂ ಮಾಡ್ತು. ಜೋರಾಗಿ ಅಲ್ಲ, ಇರುವಿ ಹರದಂಗ. ನಾವೇನ್ ಮಾಡಿದ್ವಿ? ಚಪ್ಪಲ್ ಹಾಕ್ಕೊಂಡು ನೀರು ತುಂಬಿದ್ವಿ. ಸ್ವಿಚ್ಚು ಅಂಗೈಲೆ ಅಲ್ಲ, ಬೆರಳಿನ ಹಿಂಬದಿಯಿಂದ ಒತ್ತಿದ್ವಿ, ಹೊಡದ್ರ ಕೈ ತಾನ ಹಿಂದ ಬರ್ಲಿ ಅಂತ. ಹೊಸಬ್ರು ಬಂದ್ರ "ಭಾಯ್, ಚಪ್ಪಲ್ ಪೆಹನ್ ಕೇ" ಅಂತ ಹೇಳಿ ಕೊಟ್ವಿ. ರಿಪೇರಿ ಮಾಡ್ಸಲಿಲ್ಲ. ನಾಗಪುರದಾಗ ಬ್ಯಾಸಗಿ ತೆಗದವ್ರಿಗೆ ಇದೇನ್ ಹೊಸಾದಲ್ಲ, ಎಷ್ಟೋ ಮನ್ಯಾಗ ಕೂಲರ್ ಅಂದ್ರ ಸ್ವಲ್ಪ ಕಚ್ಚೂ ನಾಯಿ ಇದ್ದಂಗ. ಪಳಗಿಸ್ಕೊಂಡು ಇರ್ತಾರ.

ಮೇ ತಿಂಗಳದಾಗ ವರ್ಷದ ರಿಪೇರಿಗಂತ ಫ್ಯಾಕ್ಟರಿ ಬಂದ್ ಆತು. ಹತ್ತು ದಿನದಾಗ ಎಲ್ಲಾ ಮುಗಿಸಿ ಚಾಲೂ ಮಾಡಬೇಕು. ಒಂದು ದೊಡ್ಡ ಉಕ್ಕಿನ ಟ್ಯಾಂಕಿನ ಒಳಮೈ ಸೀಳಿತ್ತು, ಅದನ್ನ ಒಳಗ ಹೋಗಿ ವೆಲ್ಡಿಂಗ್ ಮಾಡಬೇಕಿತ್ತು. ವೆಲ್ಡರ್ ಪ್ರಕಾಶ, ಎಲ್ಲಾರ ಬಾಯಾಗ ಪ್ರಕಾಶಭಾವು. ಕೈ ಚಲೋ, ಬಾಯಿ ಅದಕ್ಕಿಂತ ಚಲೋ. ಟ್ಯಾಂಕಿಗೆ ಬಗಲಿನ್ಯಾಗ ಎದುರುಬದರು ಎರಡು ಬಾಯಿ. ಒಂದು ಬಾಯಿಂದ ಅಂವ ಒಳಗ ಹೋಗೂದು, ಆ ಬಾಯಿ ಮುಂದ ಗೌರವ್ವ ಕುಂಡ್ರೂದು. ಒಳಗ ಮನಿಷ್ಯಾ ಇರೂತನಕ ಅಕಿ ಕದಲೂ ಹಂಗಿಲ್ಲ. ಐದೈದು ನಿಮಿಷಕ್ಕ ಪಾನಾ, ಅಂದ್ರ ಕಬ್ಬಿಣದ ಸ್ಪ್ಯಾನರ್, ತಗೊಂಡು ಟ್ಯಾಂಕಿಗೆ ಮೂರು ಏಟು ಬಡೀಬೇಕು, ಅಂವ ಒಳಗಿಂದ ತಿರುಗಿ ಮೂರು ಬಡೀಬೇಕು. ತಿರುಗಿ ಬರ್ಲಿಲ್ಲಂದ್ರ ಒದರಬೇಕು. ಇಷ್ಟ ಕೆಲ್ಸ. ಮಂದಿ ಅದನ್ನ ಕುಂಡ್ರೂ ಕೆಲ್ಸ ಅಂತ ಚ್ಯಾಷ್ಟಿ ಮಾಡ್ತಿದ್ರು.

ಎರಡನೇ ದಿವ್ಸ ಪ್ರಕಾಶ ಹೊರಗ ಬಂದು ನೆಲಕ್ಕ ಕುಸದು ಕುಂತ. ಮಾರಿ ಕೆಂಪಗ ಬೆಂದಿತ್ತು.

"ಸಾಹೇಬ್, ಒಳಗ ಭಟ್ಟಿ ಐತಿ. ನಾ ವೆಲ್ಡಿಂಗ್ ಮಾಡಾಕತ್ತಿಲ್ಲ, ನಾನ ಬೇಯಾಕತ್ತೀನಿ. ಉಳ್ಳಾಗಡ್ಡಿ ನಿಮ್ಮ ಕಿಸೆದಾಗ ಐತಲ್ಲ, ಅದನ್ನೂ ಕೊಡ್ರಿ, ಭಾಜಿ ಆಗ್ತದ." ಅವನ ಹಿಂದಿ ಹಿಂದಿಯಲ್ಲ, ಮರಾಠಿ ಮರಾಠಿಯಲ್ಲ, ಅದಕ್ಕ ನಾ ಕನ್ನಡದಾಗ ಬರಿಯಾಕತ್ತೀನಿ.

ನನಗ ಪಾಪ ಅನಸ್ತು. ನನ್ನ ಆಫೀಸಿನ ಕೂಲರ್ ತರಸಿ ಎದುರಿನ ಬಾಯಿಗೆ ಒತ್ತಿ ಇಡಸಿದ್ನಿ. ಅಲ್ಲಿನ ಬೋರ್ಡಿಗೆ ಅದರ ಪ್ಲಗ್ ಹತ್ತಲಿಲ್ಲ. ಇಲೆಕ್ಟ್ರಿಶಿಯನ್ನಗ "ಜಲ್ದಿ ಏನರ ಮಾಡು" ಅಂದ್ನಿ. ಅಂವ ಪ್ಲಗ್ ಕತ್ತರಿಸಿ, ಎರಡು ವೈರಿನ ತುದಿ ತೂತಿನ್ಯಾಗ ತುರುಕಿ, ಕಡ್ಡಿಪೆಟ್ಟಿಗಿ ಕಡ್ಡಿ ಚುಚ್ಚಿ ಗಟ್ಟಿ ಮಾಡಿದ. ನಾ ನಿಂತ ನೋಡಿದ್ನಿ. ಮೂರನೇ ವೈರು, ಅರ್ಥಿಂಗಿಂದು, ಸೋರಿದ ಕರೆಂಟು ನೆಲಕ್ಕ ಹೋಗೂ ಹಾದಿ, ಅದು ಸುಮ್ನ ಜೋತಾಡ್ಕೊಂಡಿತ್ತು. ಟ್ಯಾಂಕಿನ ಅರ್ಥಿಂಗ್ ಪಟ್ಟಿನೂ ತಳಕ್ಕ ಬಣ್ಣಾ ಬಡಿಯಾಕಂತ ಮೊದಲ ಬಿಚ್ಚಿದ್ರು. ಗಾಳಿ ಭರ್ರಂತ ಒಳಗ ಹೋತು. ಪ್ರಕಾಶ ಒಳಗಿಂದ "ಸಾಹೇಬ್ ಜಿಂದಾಬಾದ್!" ಅಂದ. ನಾ ಕೂಲರಿಲ್ಲದ ಆಫೀಸಿನ್ಯಾಗ ಬೆವತು ಕುಂತು, ನಾನೆಂಥಾ ಒಳ್ಳೆ ಮನಿಷ್ಯಾ ಅಂತ ಖುಷಿಪಟ್ನಿ. ಖರೇ ಹೇಳ್ತೀನಿ, ಫೇಸ್‌ಬುಕ್ಕಿಗೆ ಹಾಕಾಕ ಒಂದು ಫೋಟೋನೂ ತಗದಿದ್ನಿ.

ಮರುದಿವ್ಸ ಹನ್ನೊಂದೂವರಿ ಸುಮಾರು ಗದ್ದಲ ಕೇಳ್ತು. ಹೋಗಿ ನೋಡಿದ್ರ ಕೂಲರ್ ಬಂದ್. ಪ್ರಕಾಶ ಹೊರಗ ನಿಂತು ಬೈಯಾಕತ್ತಾನ. ಗೌರವ್ವ ಎಡಗೈಯಾಗ ಪಾನಾ, ಬಲಗೈಯಾಗ ಆ ಎರಡು ಕಡ್ಡಿ ಹಿಡ್ಕೊಂಡು ನಿಂತಾಳ. ಸ್ವಿಚ್ ಆರಿಸಿ, ವೈರ್ ಕಿತ್ತು, "ಬಾಹೇರ್ ಯೇ, ಹೊರಗ ಬಾ" ಅಂತ ಒಂದ ಸಮ ಟ್ಯಾಂಕ್ ಬಡದು ಅವನ್ನ ಹೊರಗ ಕರಸಿದ್ಲಂತ.

"ಯಾರು ಬಂದ್ ಮಾಡಿದ್ರು?"

"ನಾನ್ರಿ."

"ಯಾಕ?"

"ಟ್ಯಾಂಕು ಕಚ್ಚಾಕತ್ತೈತ್ರಿ."

ನನಗ ಸಿಟ್ಟು ನೆತ್ತಿಗೇರ್ತು. ನನ್ನ ಕೂಲರ್! ನಾ ಬೆವರಿಗೆ ಬಿದ್ದು ಕೊಟ್ಟ ಕೂಲರ್! "ಹಚ್ಚೋ ವೈರ್" ಅಂತ ಇಲೆಕ್ಟ್ರಿಶಿಯನ್ನಗ ಅಂದ್ನಿ. ಹಚ್ಚಿದ. ಎಲ್ಲಾರ ಮುಂದ ಟ್ಯಾಂಕಿಗೆ ಅಂಗೈ ಒತ್ತಿ ನಿಂತ್ನಿ. ಏನೂ ಆಗ್ಲಿಲ್ಲ.

"ನೋಡವ್ವ. ಏನೈತಿ? ಏನೂ ಇಲ್ಲ."

ಅಕಿ ನನ್ನ ಕೈ ನೋಡ್ಲಿಲ್ಲ. ನನ್ನ ಕಾಲು ನೋಡಿದ್ಲು. ಎರಡಿಂಚು ರಬ್ಬರ್ ಇದ್ದ ಕಂಪನಿ ಬೂಟು. ಅಕಿದು ಬರಿಗಾಲು, ಕೂಲರಿಂದ ಸೋರಿ ಹರದು ಬಂದ ನೀರಾಗ. ಭಾಳ ಮೆಲ್ಲಕ, ಕನ್ನಡದಾಗ ಅಂದ್ಲು:

"ಬೂಟು ಬಿಚ್ಚಿ ಮುಟ್ರಿ ಸಾಹೇಬ್ರ. ಈ ನೀರಾಗ ನಿಂತು. ಆಮ್ಯಾಲ ಚಾಲೂ ಮಾಡೋಣು."

ಅಲ್ಲಿದ್ದವ್ರಿಗೆ ಕನ್ನಡ ತಿಳೀಲಿಲ್ಲ. ಎಲ್ಲಾರೂ ನನ್ನ ಮಾರಿ ನೋಡಾಕತ್ರು. ನಾ ಬಗ್ಗಲಿಲ್ಲ. ಬೂಟಿನ ಲೇಸಿಗೆ ಕೈ ಹಾಕ್ಲಿಲ್ಲ. ಆಮ್ಯಾಲ "ಟೆಸ್ಟರ್ ತಾ" ಅಂದ್ನಿ. ಟ್ಯಾಂಕಿಗೆ ಟೆಸ್ಟರ್ ಹಚ್ಚಿದ್ರ ಅದರ ದೀಪ ಕೆಂಪಗ ಉರೀತು.

ಕೂಲರ್ ಬಿಚ್ಚಿ ನೋಡಿದ್ವಿ. ನೀರೆತ್ತೂ ಪಂಪಿನ ವೈರು ತಗಡಿನ ಅಂಚಿಗೆ ತಿಕ್ಕಿ ತಿಕ್ಕಿ ಸಿಪ್ಪಿ ಸುಲದು, ತಾಮ್ರ ಥಳಥಳ ಹೊಳಿಯಾಕತ್ತಿತ್ತು. ಆ ಕರೆಂಟು ಕೂಲರಿನ ತಗಡಿನಿಂದ ಅದಕ್ಕ ತಾಗಿದ್ದ ಟ್ಯಾಂಕಿಗೆ ಹರೀತಿತ್ತು. ಇನ್ನಷ್ಟು ತಿಕ್ಕಿದ್ರ ಝುಮ್ ಅನ್ನೂದಲ್ಲ, ಹಿಡ್ಕೊಂಡ ಬಿಡೂದಿತ್ತು. ಅದೂ ಮೈಯೆಲ್ಲ ಬೆವತ ಪ್ರಕಾಶನ್ನ, ಅಂವ ಒಂದು ಕಾಲು ಟ್ಯಾಂಕಿನ ಒಳಗ ಒಂದು ಕಾಲು ನೀರಾಗ ಇಟ್ಟು ಹೊರಗ ಇಳಿಯೂ ಮುಂದ. ಅಂವ ಬೈಯೂದು ಬಿಟ್ಟು ಆ ವೈರ್ ನೋಡ್ಕೋತ ಕುಂತ.

ಇಲ್ಲಿಗೆ ಮುಗೀಬೇಕಿತ್ತು. ಮುಗೀಲಿಲ್ಲ. ಕಾಂಟ್ರಾಕ್ಟರ್ ಬಂದ. ಕೆಲ್ಸ ಒಂದು ದಿನ ಹಿಂದ ಬಿತ್ತು, ಮ್ಯಾನೇಜರ್ ತನ್ನ ಮ್ಯಾಲ ಹಾರಾಡ್ತಾರ ಅಂತ ಅವನಿಗೆ ಚಿಂತಿ. "ಕಾರ್ಡ್ ಇಲ್ಲದಾಕಿ, ಸುಪರ್ವೈಜರಿಗೆ ಹೇಳ್ದನ ವೈರ್ ಕೀಳಾಕ ಇಕಿ ಯಾರು? ಬಾಯೀ, ಕಲ್ ಸೇ ಮತ್ ಆನಾ." ನಾಳಿಂದ ಬರಬ್ಯಾಡ ಅಂದುಬಿಟ್ಟ. ಮ್ಯಾನೇಜರ್ ನನಗ ಅಂದ್ರು, "ನಾಳೆ ಮಧ್ಯಾಹ್ನದೊಳಗ ರಿಪೋರ್ಟ್ ಕೊಡ್ರಿ. ಅದನ್ನ ಓದಿ ಆ ಹೆಣ್ಮಗಳ ಗೇಟ್ ಪಾಸ್ ಇಡೂದೋ ತಗಿಯೂದೋ ನೋಡೋಣು." ಗೌರವ್ವ ಟಿಫಿನ್ ಡಬ್ಬಿ ಚೀಲಕ್ಕ ಹಾಕ್ಕೊಂಡು ಗೇಟಿನ ಕಡೆ ನಡದ್ಲು. ಹೋಗೂ ಮುಂದ ಆ ಎರಡು ಕಡ್ಡಿ ನನ್ನ ಟೇಬಲ್ಲಿನ ಮ್ಯಾಲ ಇಟ್ಟು ಹೋದ್ಲು.

ನಾ ರಿಪೋರ್ಟ್ ಬರದ್ನಿ. 'ಕೂಲರಿನಲ್ಲಿ ಅಚಾನಕ್ ದೋಷ ಕಾಣಿಸಿಕೊಂಡು' ಅಂತ ಚಾಲೂ ಮಾಡಿದ್ನಿ. ಚಲೋ ಶಬ್ದ ಅದು, ಅಚಾನಕ್. ಯಾರ ತಪ್ಪೂ ಅಲ್ಲ, ಸುಮ್ನ ಆತು ಅನ್ನೂಹಂಗ. ಆದ್ರ ಒಂದು ತೊಡಕಿತ್ತು. ಅಚಾನಕ್ ಆತು ಅಂದ್ರ, ಕಾಂಟ್ರಾಕ್ಟರನ ಮಾತಿಗೆ ಬಲ ಬರ್ತದ: ಮೊದಲು ಇಲ್ಲದ ಅಪಾಯ ಇಕಿಗೆ ಹೆಂಗ ಗೊತ್ತಾತು, ತಲಿಗೆ ಬಂದಂಗ ಕಿತ್ತಾಳ, ನಸೀಬಿಲೆ ಅದು ಖರೇ ಆಗೈತಿ ಅಂತ. ಇದು ನನಗ ತಿಳೀತಿತ್ತು. ಆದ್ರೂ ಹಾಳಿ ಚೀಲಕ್ಕ ಹಾಕ್ಕೊಂಡು ಮನಿಗೆ ಹೋದ್ನಿ.

ಸಂಜಿ ಚಾ ಕುಡಿಯೂ ಮುಂದ ನಮ್ಮ ಮನಿಯಾಕಿ ವೀಣಾ ಎಲ್ಲಾ ಕೇಳಿ ಅಂದ್ಲು, "ರೀ, ಅದ ಕೂಲರ್ ಏನು? ಏಪ್ರಿಲ್ಲಿನ್ಯಾಗ ನಾ ಆಫೀಸಿಗೆ ಡಬ್ಬಿ ಕೊಡಾಕ ಬಂದಾಗ 'ಚಪ್ಪಲ್ ಬಿಡಬ್ಯಾಡ, ಅದು ಝುಮ್ ಅಂತದ' ಅಂದಿದ್ರಲ್ಲ, ಅದ?"

ನಾ ಚಾ ಕುಡದ್ನಿ. ಅಕಿ ಮತ್ತೇನರ ಕೇಳಿದ್ರ ಜಗಳಾದ್ರೂ ಆಡಬಹುದಿತ್ತು.

ಮರುದಿವ್ಸ ಮುಂಜಾನೆ ಒಬ್ಬೊಬ್ಬರನ್ನ ಹಿಡದು ಕೇಳಿದ್ನಿ. ಮ್ಯಾನೇಜರಿಗಾಗಿ ಅಲ್ಲ, ನನಗ ತಿಳ್ಕೋಬೇಕಿತ್ತು. ಪ್ರಕಾಶಗ ಕೇಳಿದ್ನಿ, "ನಿನಗ ಮೊದಲ ಹೊಡದಿತ್ತೇನು?"

"ಹೊಡದಿತ್ತಲ್ಲ ಸಾಹೇಬ್. ಹತ್ತೂವಾಗ ಒಮ್ಮೆ, ಇಳಿಯೂವಾಗ ಎರಡು ಸಲ. ನಿನ್ನೆ, ಮೊನ್ನೆನೂ."

"ಮತ್ತ ಬಾಯಿ ಇರ್ಲಿಲ್ಲೇನು? ಕಿಸೆದಾಗ ಕಾರ್ಡ್ ಐತಲ್ಲ!"

ಅಂವ ಬೂಟಿನ ತುದಿಲೆ ನೆಲ ಕೆರಕೋತ ಅಂದ, "ನೀವು ನಿಮ್ಮ ಸ್ವಂತ ಕೂಲರ್ ಕೊಟ್ರಿ. ಯಾವ ಸಾಹೇಬ ಕೊಡ್ತಾನ? ಹೆಂಗ ಬ್ಯಾಡ ಅನ್ಲಿ?"

ಇಲೆಕ್ಟ್ರಿಶಿಯನ್ ಅಂದ, "ನೀವ ನಿಂತು ನೋಡಿದ್ರಿ, ನೀವು ಏನೂ ಅನ್ಲಿಲ್ಲ. ಮತ್ತ ನಾ ಏನ್ ಅನ್ಲಿ?" ಬಣ್ಣಾ ಬಡಿಯಾಂವ ಅಂದ, "ಎಲ್ಲಾರಿಗೂ ಹೊಡೀತಿತ್ತು, ಮತ್ತ ನಂದೇನ್ ಸ್ಪೆಷಲ್ಲಾ?"

ನೋಡ್ರಿ, ನಾ ತಿಂಗಳುಗಟ್ಲೆ ತಲಿ ಕೆಡಿಸ್ಕೊಂಡ ಪ್ರಶ್ನೆಗೆ ಉತ್ತರ ಇಷ್ಟ ಇತ್ತು. ಹೆದರಿಕಿ ಅಲ್ಲ. ಮರ್ಯಾದಿ, ರೂಢಿ, ಸಾಹೇಬ್ರ ಉಪಕಾರ. ನನ್ನ ಒಳ್ಳೆತನಾನ ಅವರ ಬಾಯಿಗೆ ಬೀಗ ಹಾಕಿತ್ತು.

ಗೌರವ್ವ ಗೇಟಿನ ಹೊರಗ ಬೇವಿನ ಗಿಡದ ಕೆಳಗ ಕುಂತಿದ್ಲು. ಪಾಸ್ ಇಲ್ಲ, ಒಳಗ ಬಿಡವಲ್ರು. ನಾನೂ ಹೋಗಿ ಕಟ್ಟಿ ಮ್ಯಾಲ ಕುಂತ್ನಿ.

"ಗೌರವ್ವ, ನಿನಗ ಯಾವಾಗ ಗೊತ್ತಾತು?"

"ಒಂಬತ್ತೂವರಿಗೆ ಮೊದಲ್ನೇ ಸಲ ಹೊಡೀತ್ರಿ. ಬಡಿಯೂ ಮುಂದ ಪಾನಾದಾಗಿಂದ ಕೈಗೆ ಬಂತು."

"ನೀ ಕಿತ್ತಿದ್ದು ಹನ್ನೊಂದೂವರಿಗೆ."

"ಹೌಂದ್ರಿ. ಮೂರು ಸಲ ಹೊಡೀತು. ಮೊದಲ್ನೇ ಸಲ ನನ್ನ ಕೈನ ಜೋಮು ಹಿಡದೈತಿ ಅಂದ್ಕೊಂಡ್ನಿ. ಎರಡನೇ ಸಲ, ಕೆಲ್ಸ ಹೋಗ್ತೈತಿ ಸುಮ್ನಿರು ಅಂದ್ಕೊಂಡ್ನಿ. ಎರಡು ತಾಸು ಅಂವ ಒಳಗ, ನಾ ಹೊರಗ ಸುಮ್ನ ಕುಂತಿದ್ನಿ. ಅದನ್ನೂ ಬರೀರಿ ಸಾಹೇಬ್ರ."

"ಅದ್ಯಾಕವ್ವ? ಬರದ್ರ ನಿನಗ ಒಳ್ಳೇದಾಗೂದಿಲ್ಲ."

"ಆಗೂದಿಲ್ಲ ಖರೇ. ಆದ್ರ ಮೊದಲ್ನೇ ಸಲಾನ ಕೀಳಬೇಕಿತ್ತಲ್ರಿ."

ಅಕಿ ಲೆಕ್ಕ ಎರಡು ತಾಸು. ನಂದು ಇಡೀ ಏಪ್ರಿಲ್ಲು, ಮ್ಯಾಲ ಅರ್ಧ ಮೇ. ಆಫೀಸಿಗೆ ಬಂದು ಹೊಸಾ ಹಾಳಿ ತಗೊಂಡ್ನಿ. ಅಚಾನಕ್ ಬರೀಲಿಲ್ಲ. 'ಈ ಕೂಲರ್ ನನ್ನ ಆಫೀಸಿಂದು. ಏಪ್ರಿಲ್ಲಿಂದ ಕರೆಂಟು ಹೊಡೀತಿತ್ತು. ನನಗ ಗೊತ್ತಿತ್ತು. ಟ್ಯಾಂಕಿಗೆ ಕಳಿಸಿದಾಂವ ನಾನು, ಪ್ಲಗ್ ಇಲ್ಲದ ಹಚ್ಚಿಸಿದಾಂವ ನಾನು. ಗೌರಾಬಾಯಿ ನಿಲ್ಲಿಸದಿದ್ರ ಪ್ರಕಾಶ ಉಳೀತಿದ್ದಿಲ್ಲ' ಅಂತ ಬರದ್ನಿ. ಅಕಿ ಎರಡು ತಾಸಿಂದೂ ಬರದ್ನಿ, ಅಕಿ ಹೇಳಿದ್ಲಲ್ಲ.

ಮ್ಯಾನೇಜರ್ ಓದಿ, ಕನ್ನಡಕ ತಗದು, "ಇದನ್ನ ಹಿಂಗ ಕಳಿಸ್ಲಾ?" ಅಂದ್ರು. "ಹಿಂಗ ಕಳಿಸ್ರಿ" ಅಂದ್ನಿ. ನನಗ ವಾರ್ನಿಂಗ್ ಪತ್ರ ಬಂತು, ಆ ವರ್ಷದ ಪ್ರಮೋಷನ್ ಹೋತು. ಗೌರವ್ವನ ಪಾಸ್ ಉಳೀತು. ಟ್ಯಾಂಕಿಗೆ ಅರ್ಥಿಂಗ್ ಪಟ್ಟಿ ಹಚ್ಚಿ, ಪ್ಲಾಸ್ಟಿಕ್ ಕೊಳವಿಯ ಬ್ಲೋವರ್ ತರಸಿ, ಕಾಲು ತಾಸಿಗೊಮ್ಮೆ ಪ್ರಕಾಶನ್ನ ಹೊರಗ ಕೂಡಿಸಿ ಕೆಲ್ಸ ಮಾಡಿದ್ವಿ. ಎರಡು ದಿನ ತಡಾ ಆತು, ಆಕಾಶ ಏನ್ ಬೀಳಲಿಲ್ಲ. ಟ್ಯಾಂಕಿನ ಕೆಲ್ಸ ಮತ್ತ ಚಾಲೂ ಮಾಡೂ ಮುಂದ ಎಲ್ಲಾರೂ ಅಕಿ ಮಾರಿ ನೋಡಿದ್ರು. ಅಕಿ ಬರಿಗಾಲ್ಲೆ ಹೋಗಿ, ಮೊದಲ ಟೆಸ್ಟರ್ ಹಚ್ಚಿಸಿ, ಆಮ್ಯಾಲ ಟ್ಯಾಂಕಿಗೆ ಬೆರಳ ಹಿಂಬದಿ ಇಟ್ಟು, "ಹ್ಞೂಂ" ಅಂದ್ಲು. ಅವತ್ತಿಂದ ನಮ್ಮಲ್ಲಿ ನಿಲ್ಲಿಸಿದವ್ರ ಹ್ಞೂಂ ಇಲ್ಲದ ಚಾಲೂ ಆಗ್ತಿದ್ದಿಲ್ಲ. ಫ್ಯಾಕ್ಟರಿಯವ್ರು ಹಾರ ಹಾಕಿ ಅಕಿಗೆ ಒಂದು ಸ್ಟೀಲಿನ ಡಬ್ಬಿ ಕೊಟ್ರು. ಹಳದಿ ಕಾರ್ಡ್ ಮಾತ್ರ ಕೊಡ್ಲಿಲ್ಲ. ಅಕಿ ಕಾಂಟ್ರಾಕ್ಟ್ ಕೂಲಿ ಅಲ್ಲ?

ಮದ್ವಿ ಮರುದಿವ್ಸ ಅಕಿ ಮನಿ ಹುಡುಕ್ಕೊಂಡು ಹೋದ್ನಿ. ಕೂದ್ಲ ಪೂರಾ ಬೆಳ್ಳಗಾಗೈತಿ. ಕಟಗಿ ಮಣಿ ಮ್ಯಾಲ ನಿಂತು, ಪ್ಲಗ್ ಕಿತ್ತಿಟ್ಟು, ಕೂಲರಿಗೆ ನೀರು ಹಾಕಾಕತ್ತಿದ್ಲು. ಗಂಡ ಒಳಗಿಂದ "ಯಾರ?" ಅಂದ. "ಎಣ್ಣಿ ಫ್ಯಾಕ್ಟರಿ ಸಾಹೇಬ್ರು, ಕೂಲರಿನವ್ರು" ಅಂದ್ಲು. ನನ್ನ ಹೆಸರು ಅಲ್ಲಿ ಹಂಗ ಉಳದೈತಿ.

ಮಜ್ಜಿಗಿ ಕೊಟ್ಲು. ನಾ ಮದ್ವ್ಯಾಗ ಬೈಸ್ಕೊಂಡಿದ್ದು ಹೇಳಿದ್ನಿ, ಹೊಟ್ಟಿ ಹಿಡ್ಕೊಂಡು ನಕ್ಲು. ಆಮ್ಯಾಲ ಇಷ್ಟು ವರ್ಷ ಒಳಗಿಟ್ಕೊಂಡಿದ್ದನ್ನ ಕೇಳಿಬಿಟ್ನಿ.

"ಗೌರವ್ವ, ಅವತ್ತು ಬೂಟು ಬಿಚ್ರಿ ಅಂದಿ. ನಾ ಎಲ್ಲಾರ ಮುಂದ ಸಿಟ್ಟಿನ ಭರದಾಗ ಖರೇನ ಬಿಚ್ಚಿ ನೀರಾಗ ನಿಂತು ಮುಟ್ಟಿದ್ರ? ಸಾಯ್ತಿದ್ನಲ್ಲ!"

"ನೀವು ಬಗ್ಗಿದ್ರ ನಾ ಕೈ ಹಿಡೀತಿದ್ನಿ, ಬಿಡ್ತಿದ್ನೇನು?"

"ಮತ್ತ ಯಾಕ ಅಂದಿ?"

ಅಕಿ ಖಾಲಿ ಲೋಟ ತಗೊಂಡು, ಮತ್ತ ಮಜ್ಜಿಗಿ ಹಾಕ್ಕೋತ, ನನ್ನ ಕಡೆ ನೋಡದನ ಅಂದ್ಲು:

"ನಿಮಗ ಗೊತ್ತಿತ್ತೋ ಇಲ್ಲೋ ನೋಡಬೇಕಿತ್ರಿ. ಗೊತ್ತಿಲ್ಲದಾಂವ ಆದ್ರ ಬೂಟು ಬಿಚ್ತಾನ."